ಡಿಫರೆನ್ಷಿಯಲ್ ಕೂಲರ್: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷಗಳ ಹಿಂದೆ ನನ್ನ ಗಾಡಿಗೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳಿಗೆ ಒಂದೊಂದರಂತೆ ಮೂರು ಆಯಿಲ್ ಕೂಲರ್‌ಗಳಿರುವ ಕಿಟ್ ಹಾಕಿಸಿದೆ. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ; ಆಯಿಲ್ ಕೂಲರ್ ಎಂದರೆ ಕಾದ ಎಣ್ಣೆಯನ್ನು ಆರಿಸುವ ಪುಟ್ಟ ರೇಡಿಯೇಟರ್. ಮೊದಲ ಎರಡರ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಈ ಬರಹ ಮುಖ್ಯವಾಗಿ ಮೂರನೆಯದನ್ನು, ಅದರಲ್ಲೂ ಎಣ್ಣೆಯನ್ನು ಕೂಲರಿಗೆ ಹರಿಸುವ ಅದರ ಅಂಗೈಯಗಲದ ಪಂಪನ್ನು ಕುರಿತದ್ದು. ಗಾಡಿಯು ಹಿಂದಿನ ಚಕ್ರಗಳಿಗೆ ಬಲ ಹೋಗುವ, ಆರು ಸಿಲಿಂಡರಿನ, ಟರ್ಬೊ ಪೆಟ್ರೋಲಿನ, ಮ್ಯಾನ್ಯುವಲ್ ಗೇರಿನ ಕೂಪೆ, ಅಂದರೆ ಎರಡು ಬಾಗಿಲಿನ ಕಾರು. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಇಂಥ ಗಾಡಿಗಳ ಅಶ್ವಶಕ್ತಿ, ಟಾರ್ಕುಗಳು ಇದನ್ನು ಓದುವವರಿಗೆ ಬಾಯಿಪಾಠವಾಗಿರುತ್ತವೆಯಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಮನೆ ಹಾವೇರಿಯಲ್ಲಿ, ವ್ಯಾಪಾರ ಬ್ಯಾಡಗಿಯ ಮೆಣಸಿನಕಾಯಿಯದು. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಮಾರುಕಟ್ಟೆ ಬಿಟ್ಟು ಕದಲುವಂತಿಲ್ಲ. ಹೀಗಾಗಿ ಉಳಿದವರು ಜನವರಿಯ ತಂಪಿನಲ್ಲಿ ರೇಸ್ ಟ್ರ್ಯಾಕಿಗೆ ಹೋಗಿ ಬರುವಾಗ ನಾನು ಕಾಯಿ ತೂಗಿಸುತ್ತ ಕುಳಿತಿರುತ್ತೇನೆ. ನನಗೆ ಬಿಡುವಾಗುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ, ಅಂದರೆ ಚೆನ್ನೈ ಸುತ್ತಮುತ್ತ ನೆರಳಿನಲ್ಲಿ ನಿಂತರೂ ಅಂಗಿ ಒದ್ದೆಯಾಗುವ ದಿನಗಳಲ್ಲಿ. ನಮ್ಮೂರ ಪಕ್ಕದಲ್ಲಿ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಯೇ ಬೆಂಗಳೂರನ್ನು ದಾಟಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನ ಹತ್ತಿರದವರೆಗೆ ಹೋಗುತ್ತದೆ. ಟ್ರೇಲರಿನ ಮೇಲೆ ಹೇರದೆ, ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ, ಅದೇ ಗಾಡಿಯಲ್ಲಿ ಮರಳಿ ಬರಬೇಕು. ಈ ವಿಮರ್ಶೆಯ ತೀರ್ಪುಗಳೆಲ್ಲ ಆ ‘ಮರಳಿ ಬರಬೇಕು’ ಎಂಬುದಕ್ಕೆ ಕಟ್ಟುಬಿದ್ದವು.

ಹೆದ್ದಾರಿಯಲ್ಲಿ ಹದವಾಗಿ ಓಡುವ ಗಾಡಿಗೆ ಎಂಜಿನ್ನಿನ ಬಲದಲ್ಲಿ ಒಂದು ಸಣ್ಣ ಪಾಲು ಸಾಕು. ಟ್ರ್ಯಾಕಿನಲ್ಲಿ ಸುತ್ತಿನ ಬಹುಭಾಗ ಪೂರ್ತಿ ಬಲವನ್ನೇ ಕೇಳುತ್ತೇವೆ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಓಟಕ್ಕೆ ಒದಗಿ, ಉಳಿದದ್ದು ಸೈಲೆನ್ಸರಿನ ಹೊಗೆಯಲ್ಲೂ ರೇಡಿಯೇಟರಿನ ನೀರಿನಲ್ಲೂ ಎಣ್ಣೆಯಲ್ಲೂ ಬಿಸಿಯಾಗಿ ಹೋಗುವುದರಿಂದ, ಬಲ ಹೆಚ್ಚು ಕೇಳಿದಷ್ಟೂ ಹೊರಹಾಕಬೇಕಾದ ಬಿಸಿಯೂ ಬೆಳೆಯುತ್ತದೆ. ಕಿಟ್ ಹಾಕಿಸುವ ಮೊದಲು ನಾಲ್ಕನೆಯ ಸುತ್ತಿಗೆ ಎಂಜಿನ್ ಎಣ್ಣೆ 130 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕಂಪ್ಯೂಟರು ತಾನಾಗಿ ಬಲ ಕಡಿಮೆ ಮಾಡುತ್ತಿತ್ತು. ಎಂಜಿನ್ನಿನ ಬಿಸಿ ಹೊರಹೋಗಲೆಂದು ಹೀಟರನ್ನು ಪೂರ್ತಿ ತಿರುಗಿಸಿ, ಆ ಸೆಕೆಯಲ್ಲಿ ಬಿಸಿಗಾಳಿಯನ್ನು ಮುಖಕ್ಕೆ ಹೊಡೆಸಿಕೊಳ್ಳುತ್ತ, ಟ್ರ್ಯಾಕಿನ ಬದಿಯಲ್ಲಿ ಗಾಡಿ ನಿಲ್ಲಿಸುವ ಪಿಟ್‌ಗೆ ಮರಳಿದ ಅನುಭವ ಇಂದಿಗೂ ಮರೆತಿಲ್ಲ. ಕಿಟ್‌ನ ಎಂಜಿನ್ ಕೂಲರ್ ಅದನ್ನು 115ರ ಆಸುಪಾಸಿನಲ್ಲಿ ನಿಲ್ಲಿಸಿತು. ಅದರ ಥರ್ಮೋಸ್ಟ್ಯಾಟ್ ಎಣ್ಣೆ ಕಾಯುವವರೆಗೆ ದಾರಿ ಮುಚ್ಚಿರುವುದರಿಂದ ಚಳಿಗಾಲದ ಮುಂಜಾವಿನಲ್ಲೂ ತೊಂದರೆಯಿಲ್ಲ; ಎಣ್ಣೆ ಸದಾ ತಣ್ಣಗಿದ್ದರೆ ಅದರೊಳಗಿನ ತೇವ ಮತ್ತು ಪೆಟ್ರೋಲಿನ ಅಂಶ ಆರಿಹೋಗುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಗೇರ್‌ಬಾಕ್ಸ್ ಕೂಲರ್ ಬಗ್ಗೆ ಹೇಳಲು ಏನೂ ಇಲ್ಲ. ಮ್ಯಾನ್ಯುವಲ್ ಗೇರಿನ ಗಾಡಿಗೆ ನನ್ನ ಮಟ್ಟಿನ ಓಟದಲ್ಲಿ ಅದು ಬೇಕಿರಲಿಲ್ಲ, ಕಿಟ್‌ನಲ್ಲಿ ಬಂತೆಂದು ಹಾಕಿಸಿದೆ.

ನಿಜವಾದ ಕಥೆ ಶುರುವಾದದ್ದು ಎಂಜಿನ್ ತಣ್ಣಗಾದ ಮೇಲೆ. ಮೊದಲು ನಾಲ್ಕು ಸುತ್ತಿಗೆ ಎಂಜಿನ್ನೇ ನನ್ನನ್ನು ಪಿಟ್‌ಗೆ ಕರೆತರುತ್ತಿತ್ತು. ಈಗ ಎಂಟು ಸುತ್ತು ಹೊಡೆಯಲು ಯಾವ ಅಡ್ಡಿಯೂ ಉಳಿಯಲಿಲ್ಲ. ಆ ಹೆಚ್ಚಿನ ನಾಲ್ಕು ಸುತ್ತುಗಳ ಹೊರೆಯನ್ನು ಡಿಫರೆನ್ಷಿಯಲ್ ಹೊತ್ತುಕೊಂಡಿತು. ನಮ್ಮ ಕಡೆಯ ಲಾರಿ ಮೆಕ್ಯಾನಿಕ್‌ಗಳು ‘ಕ್ರೌನ್’ ಎಂದು ಕರೆಯುವ ಈ ಭಾಗದ ಹೈಪಾಯ್ಡ್ ಗೇರುಗಳಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಜಾರುತ್ತವೆ ಕೂಡ. ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ‘ಲಿಮಿಟೆಡ್ ಸ್ಲಿಪ್’ ಏರ್ಪಾಡು ಇದ್ದರೆ ಪ್ರತಿ ತಿರುವಿನಲ್ಲೂ ಅದರ ಪ್ಲೇಟುಗಳು ಪರಸ್ಪರ ಉಜ್ಜುತ್ತವೆ. ಇಷ್ಟೆಲ್ಲ ತಿಕ್ಕಾಟದ ಬಿಸಿಯನ್ನು ಹೀರಿಕೊಳ್ಳಲು ಅಲ್ಲಿರುವುದು ಒಂದು ಲೀಟರಿನಷ್ಟು ಎಣ್ಣೆ, ಅದನ್ನು ಆರಿಸಲು ಗಾಡಿಯ ಅಡಿಯಲ್ಲಿ ಹಾದುಹೋಗುವ ಗಾಳಿ, ಆ ಗಾಳಿಯೂ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಕಾದು ಬಂದದ್ದು. ಅದು ನಿಧಾನವಾಗಿ ಕಾಯುತ್ತದೆ, ಅದಕ್ಕಿಂತ ನಿಧಾನವಾಗಿ ಆರುತ್ತದೆ. ಮಧ್ಯಾಹ್ನದ ಎರಡನೆಯ ಸರದಿಗೆ ಇಳಿಯುವಾಗ ಬೆಳಗಿನ ಬಿಸಿ ಇನ್ನೂ ಒಳಗೇ ಇರುತ್ತದೆ. ಸಾಮಾನ್ಯ ಗಾಡಿಗಳಲ್ಲಿ ಇದಕ್ಕೊಂದು ಮೀಟರೂ ಇಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಮೇಸ್ತ್ರಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದ್ದರು: “ಮುಂದಿನ ಒಲಿ ಆರಿಸಿ ಹಿಂದಿನ ಒಲಿ ಹಚ್ಚೀರಿ ನೋಡ್ರಿ, ಸಾಹೇಬ್ರ.”

ಅಳೆಯಲು ನಾನು ಬಳಸುವುದು ಕುದುರೆ ಒತ್ತಿದರೆ ದೂರದಿಂದಲೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಗನ್. ಹೊಳೆಯುವ ಅಲ್ಯೂಮಿನಿಯಮ್ಮಿನ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಇದು ಗೊತ್ತಿಲ್ಲದೆ ಮೊದಮೊದಲು ನಾನು ನೆಮ್ಮದಿಯಿಂದಿದ್ದೆ. ಈಗ ಪ್ರತಿ ಸಲ ಹೊರಡುವ ಹಿಂದಿನ ಸಂಜೆ ಗಾಡಿಯನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡಿಫರೆನ್ಷಿಯಲ್ ಕವಚವನ್ನು ಬಟ್ಟೆಯಿಂದ ಒರೆಸಿ, ಬಿಸಿ ತಾಳುವ ಕಪ್ಪು ಟೇಪಿನ ಒಂದು ತುಂಡನ್ನು ಅಂಟಿಸುತ್ತೇನೆ. ಪಿಟ್‌ಗೆ ಬಂದ ಕೂಡಲೇ ಬಾನೆಟ್ ಎತ್ತುವ ಮುಂಚೆ ನೆಲಕ್ಕೆ ಬಾಗಿ ಗನ್ನನ್ನು ಆ ಟೇಪಿಗೆ ಹಿಡಿಯುತ್ತೇನೆ. ಎಣ್ಣೆ ಬದಲಿಸುವ ದಿನವೂ ನನಗೆ ಪ್ರಿಯವಾದದ್ದೇ. ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲಿನ, ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಬೇಕು. ಇದ್ದ ಎಣ್ಣೆಯನ್ನೆಲ್ಲ ಇಳಿಸಿಬಿಟ್ಟು ಮೇಲಿನದು ಹಿಡಿದುಕೊಂಡಿದ್ದರೆ ಗಾಡಿ ಅಲ್ಲಿಂದ ಅಲುಗುವಂತಿಲ್ಲ. ಆಮೇಲೆ ಆಯಸ್ಕಾಂತದ ಬೋಲ್ಟಿಗೆ ಅಂಟಿದ ಬೂದು ಬಣ್ಣದ ಪುಡಿಯನ್ನು ಬೆರಳಿನಿಂದ ತೀಡಿ ನೋಡುವುದು: ಬೆಣ್ಣೆಯಂತೆ ನುಣ್ಣಗಿದ್ದರೆ ಸಹಜ ಸವೆತ, ಚುಚ್ಚುವ ಚೂರುಗಳಿದ್ದರೆ ಚಿಂತೆ. ಈ ಎಣ್ಣೆಯಲ್ಲಿ ಬೆರೆಸುವ ಗಂಧಕದ ವಸ್ತುಗಳಿಂದ ಬರುವ ವಾಸನೆ ಸೋಪಿಗೆ ಬಗ್ಗುವುದಿಲ್ಲ. ಆ ರಾತ್ರಿ ಮನೆಯಲ್ಲಿ ನನಗೆ ಹೊರಗಿನ ಪಡಸಾಲೆಯಲ್ಲೇ ಊಟ.

ಕೂಲರ್ ಹಾಕಿದ ಮೊದಲ ವರ್ಷ ಇರುಂಗಾಟ್ಟುಕೋಟೈಯ 3.7 ಕಿಲೋಮೀಟರಿನ ಸುತ್ತಿನಲ್ಲಿ ಎಂಟು ಸುತ್ತು ಮುಗಿಸಿ ಬಂದರೂ ಟೇಪು 105 ದಾಟುತ್ತಿರಲಿಲ್ಲ. ಕೂಲರ್ ಚಾಲೂ ಮಾಡದೆ ಅಷ್ಟೇ ಸುತ್ತಿಗೆ 140ರ ಹತ್ತಿರ ಹೋಗಿತ್ತು. ಕಂಡ ಕಂಡವರಿಗೆಲ್ಲ ಈ ಕಿಟ್ ಕೊಳ್ಳಿರೆಂದು ಹೇಳಿದೆ. ಅವರಲ್ಲಿ ಇಬ್ಬರು ಕೊಂಡರು, ಮುಂದಿನ ಭಾಗವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಎರಡನೆಯ ವರ್ಷ ಕೊಯಮತ್ತೂರಿನ ‘ಕರಿ ಮೋಟರ್ ಸ್ಪೀಡ್‌ವೇ’ ಎಂಬ ಟ್ರ್ಯಾಕಿಗೆ ಹೋದೆ. ಎರಡು ಕಿಲೋಮೀಟರಿಗೆ ತುಸು ಮೇಲ್ಪಟ್ಟ ಆ ಚಿಕ್ಕ ಸುತ್ತಿನಲ್ಲಿ ತಿರುವುಗಳು ಒಂದರ ಹಿಂದೊಂದು ಬರುವುದರಿಂದ ಡಿಫರೆನ್ಷಿಯಲ್‌ಗೆ ಬಿಡುವಿಲ್ಲ, ವೇಗ ಕಡಿಮೆಯಾದ್ದರಿಂದ ಗಾಳಿಯೂ ಸಾಲದು. ಆರನೆಯ ಸುತ್ತಿನಲ್ಲಿ ಪರಿಚಿತ ಗಂಧಕದ ವಾಸನೆ ಒಳಗೆ ಬಂತು. ಪಿಟ್‌ನಲ್ಲಿ ನೋಡಿದರೆ ಪಂಪು ನಿಂತಿದೆ, ಉಬ್ಬಿದ ಎಣ್ಣೆ ಒಳಗಿನ ಗಾಳಿ ಹೊರಹೋಗಲೆಂದು ಮೇಲೆ ಇಟ್ಟ ಬ್ರೀದರಿನಿಂದ ಉಕ್ಕಿ ಕವಚದ ತುಂಬ ಹರಡಿದೆ, ಟೇಪು 151 ತೋರಿಸುತ್ತಿದೆ. ಬಿಚ್ಚಿದಾಗ ಕಾರಣ ತಿಳಿಯಿತು: ಪ್ಲೇಟುಗಳು ಉಜ್ಜಿ ಉದುರಿದ ಪುಡಿಯನ್ನು ತಡೆಯಲು ಪಂಪಿನ ಮುಂದೆ ಒಂದು ಜಾಲರಿಯನ್ನೂ ಕಿಟ್‌ನಲ್ಲಿ ಕೊಟ್ಟಿರಲಿಲ್ಲ. ಮಾರಿದವರಿಗೆ ಫೋಟೊ ಕಳಿಸಿದರೆ, ಪಂಪು ಸವೆಯುವ ವಸ್ತುವಾದ್ದರಿಂದ ಅದಕ್ಕೆ ವಾರಂಟಿ ಇಲ್ಲವೆಂಬ ಒಂದು ಸಾಲಿನ ಉತ್ತರ ಬಂತು. ಎರಡೂವರೆ ಲಕ್ಷ ರೂಪಾಯಿಯ ಕಿಟ್‌ನಲ್ಲಿ ಕೆಲವು ನೂರು ರೂಪಾಯಿಯ ಜಾಲರಿ ಉಳಿಸಿದವರ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ವಾಪಸು ಬರುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಟೇಪು ನೋಡುತ್ತ, ಹಾವೇರಿ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು.

ತಪ್ಪೆಲ್ಲ ಅವರದೇ ಎಂದರೆ ಸುಳ್ಳಾಗುತ್ತದೆ. ಪಂಪಿಗೆ ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ಒತ್ತುವ ಒಂದು ಸ್ವಿಚ್ ಮಾತ್ರ ಇತ್ತು, ಅದನ್ನು ನಾನು ಒಮ್ಮೆ ಹುಬ್ಬಳ್ಳಿಯಿಂದ ಮನೆಯವರೆಗೆ ಹಾಕಿಯೇ ಬಿಟ್ಟಿದ್ದೆ. ಡಿಫರೆನ್ಷಿಯಲ್‌ಗೆ ಹಾಕುವ 75ಡಬ್ಲ್ಯು-140 ದರ್ಜೆಯ ಎಣ್ಣೆ ತಣ್ಣಗಿರುವಾಗ ಕಾಕಂಬಿಯಂತಿರುತ್ತದೆ. ಅದನ್ನು ಎಳೆಯುವಾಗ ಪಂಪಿನ ಮೋಟರಿಗೆ ಆದ ದಣಿವು ನನ್ನ ಲೆಕ್ಕಕ್ಕೆ ಸೇರಬೇಕು. ದುರಸ್ತಿಯಾದದ್ದು ಗೋಕುಲ ರಸ್ತೆಯಲ್ಲೇ. ಲೇಥಿನವರು ಉಕ್ಕಿನ ಜಾಲರಿಗೆ, ಬಿಚ್ಚಿ ತೊಳೆಯಲು ಬರುವಂಥ ಒಂದು ಡಬ್ಬಿ ಮಾಡಿಕೊಟ್ಟರು. ಮೇಸ್ತ್ರಿ 95 ಡಿಗ್ರಿಗೆ ತಾನೇ ಶುರುವಾಗಿ 80ಕ್ಕೆ ನಿಲ್ಲುವ ಉಷ್ಣತೆಯ ಸ್ವಿಚ್ ಕೂರಿಸಿ, ಬ್ರೀದರಿನ ಕೊಳವೆಯನ್ನು ಎತ್ತರಕ್ಕೆ ಒಯ್ದು ಒಂದು ಚಿಕ್ಕ ಶೀಶೆಗೆ ಸೇರಿಸಿದರು. ಹೊಸ ಪಂಪನ್ನು ಬಿಟ್ಟು, ಉಳಿದದ್ದಕ್ಕೆ ತಗುಲಿದ್ದು ಹನ್ನೊಂದು ಸಾವಿರ ರೂಪಾಯಿ. ಮೊದಲ ಸರದಿ ಮುಗಿಸಿ ಎಂಜಿನ್ ಆರಿಸಿದ ಮೇಲೂ ಹಿಂದಿನಿಂದ ಬರುವ ಪಂಪಿನ ಸಣ್ಣ ಗುಂಯ್ ಸದ್ದು, ಸ್ವಲ್ಪ ಹೊತ್ತಿನ ನಂತರ ಟಕ್ಕೆಂದು ನಿಲ್ಲುವುದು ನನಗೆ ಈಗ ಇಷ್ಟವಾಗತೊಡಗಿದೆ.

ವರ್ಷಕ್ಕೆ ಎರಡು ಮೂರು ಸಲ, ಹದಿನೈದು ನಿಮಿಷದ ಸರದಿಗಳಲ್ಲಿ ಓಡಿಸುವವರು ಈ ಕಿಟ್‌ಗೆ ದುಡ್ಡು ಸುರಿಯಬೇಕಿಲ್ಲ. ರೇಡಿಯೇಟರಿನ ಸುತ್ತಲಿನ ಸಂದುಗಳನ್ನು ಫೋಮು ಹಾಗೂ ಅಲ್ಯೂಮಿನಿಯಂ ತಗಡಿನಿಂದ ಮುಚ್ಚಿ, ಒಳಬಂದ ಗಾಳಿ ರೇಡಿಯೇಟರಿನ ಮೂಲಕವೇ ಹೋಗುವಂತೆ ಮಾಡಿದರೆ ಖರ್ಚಿಲ್ಲದೆ ಸಾಕಷ್ಟು ಗುಣ ಕಾಣುತ್ತದೆ. ನಾನು ಇದನ್ನು ಕಿಟ್ ಹಾಕಿಸಿದ ಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. ಡಿಫರೆನ್ಷಿಯಲ್ ಎಣ್ಣೆಯನ್ನು ಎರಡು ಟ್ರ್ಯಾಕ್ ದಿನಕ್ಕೊಮ್ಮೆ ಬದಲಿಸುತ್ತ, ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸುತ್ತ ಬಂದರೆ ಅವರಿಗೆ ಅಷ್ಟೇ ಸಾಕು. ನನ್ನಂತೆ ಸೆಕೆಯಲ್ಲೇ ಹೋಗಬೇಕಾದವರು ಎಂಜಿನ್ ಕೂಲರನ್ನು ಬಿಡಿಯಾಗಿ ಕೊಳ್ಳಲಿ, ಡಿಫರೆನ್ಷಿಯಲ್‌ನದನ್ನು ಜಾಲರಿ ಮತ್ತು ಉಷ್ಣತೆಯ ಸ್ವಿಚ್ ಇದ್ದರೆ ಮಾತ್ರ ಕೊಳ್ಳಲಿ.

ಹೊಸ ಪಂಪು ಒಂದು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ. ಕಳೆದ ಸೆಪ್ಟೆಂಬರಿನಲ್ಲಿ ಎಂಟು ಸುತ್ತಿಗೆ ಟೇಪು ತೋರಿಸಿದ್ದು 108. ಅದೇ ಅಳತೆಯ ಇನ್ನೊಂದು ಪಂಪನ್ನು ಕೊಂಡು, ಹಳೆಯ ಅಂಗಿಯಲ್ಲಿ ಸುತ್ತಿ, ಡಿಕ್ಕಿಯಲ್ಲಿ ಎಳೆಯುವ ಹಗ್ಗದ ಪಕ್ಕದಲ್ಲಿ ಇಟ್ಟಿದ್ದೇನೆ.