ಗೇರ್ ಬಿಗಿಯಾದಾಗ: ಒಂದು ಸಣ್ಣ ಪೆಟ್ರೋಲ್ ಕಾರಿನ ದೀರ್ಘಕಾಲದ ಬಳಕೆಯ ವಿಮರ್ಶೆ

ನಾನು ಬಳಸುತ್ತಿರುವುದು 2016ರಲ್ಲಿ ಹೊಸದಾಗಿಯೇ ಕೊಂಡ, ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿನ, ಐದು ಗೇರಿನ ಹ್ಯಾಚ್‌ಬ್ಯಾಕ್. ಇದರ ಕ್ಲಚ್ ಕೇಬಲ್‌ನಿಂದ ಕೆಲಸ ಮಾಡುವಂಥದ್ದು. ಗೇರ್ ಲಿವರ್‌ನಿಂದ ಗೇರ್ ಬಾಕ್ಸಿಗೆ ಹೋಗುವುದೂ ಎರಡು ಕೇಬಲ್‌ಗಳೇ. ಮೂಡಿಗೆರೆಯ ಸುತ್ತಲಿನ ತೋಟದ ರಸ್ತೆಗಳು, ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿ, ಆಗಾಗ ಬೆಂಗಳೂರಿನ ವಾಹನ ದಟ್ಟಣೆ, ಇವಿಷ್ಟರಲ್ಲೇ ಕಾರು ಲಕ್ಷ ಕಿಲೋಮೀಟರ್ ದಾಟಿದೆ. ಮೈಲೇಜು, ಸೀಟು, ಎಸಿ ಇವುಗಳ ಬಗ್ಗೆ ನನಗೆ ದೂರಿಲ್ಲ. ದೂರು ಇದ್ದದ್ದು ಗೇರ್ ಬದಲಾವಣೆಯ ಬಿಗಿಯ ಬಗ್ಗೆ ಮಾತ್ರ, ಆದ್ದರಿಂದ ಈ ವಿಮರ್ಶೆಯೂ ಅದಕ್ಕೇ ಸೀಮಿತ. ಕಾರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಈ ವರ್ಗದ ಬಹುತೇಕ ಕಾರುಗಳ ರಚನೆ ಒಂದೇ ಬಗೆಯದು.

ಇಷ್ಟು ವರ್ಷಗಳ ಬಳಕೆಯಿಂದ ನಾನು ತಲುಪಿರುವ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗೇರ್ ಬಿಗಿಯಾಗಿದೆ ಎಂದ ಮಾತ್ರಕ್ಕೆ ಗೇರ್ ಬಾಕ್ಸ್ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ಈ ಕಾರಿನಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾರಣಗಳಿಂದ ಗೇರ್ ಬಿಗಿಯಾಗಿದೆ. ಆದರೆ ಒಮ್ಮೆಯೂ ಬಾಕ್ಸಿನ ಒಳಗಿನ ಹಲ್ಲುಗಳನ್ನು ಬಿಚ್ಚಿ ನೋಡುವ ಪ್ರಮೇಯ ಬಂದಿಲ್ಲ.

ದೋಷ ಎಲ್ಲಿದೆ ಎಂದು ತಿಳಿಯಲು ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇನೂ ಇಲ್ಲ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕ್ಲಚ್ ಪೂರ್ತಿ ತುಳಿದು ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ತೆಗೆಯಬೇಕು. ಆಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಅದನ್ನೇ ಮಾಡಬೇಕು. ಎಂಜಿನ್ ಆರಿದ್ದಾಗ ಸಲೀಸಾಗಿ ಬೀಳುವ ಗೇರ್, ಎಂಜಿನ್ ಓಡುತ್ತಿರುವಾಗ ಬೀಳದಿದ್ದರೆ, ಅದರಲ್ಲೂ ಮೊದಲನೇ ಗೇರ್ ಮತ್ತು ರಿವರ್ಸ್ ತಕರಾರು ಮಾಡಿದರೆ, ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ ಎಂದೇ ಲೆಕ್ಕ. ಪೆಡಲ್ ತುಳಿದಿದ್ದರೂ ಎಂಜಿನ್ನಿನ ತಿರುಗುವಿಕೆ ಬಾಕ್ಸಿನ ಒಳಶಾಫ್ಟಿಗೆ ಅಷ್ಟಿಷ್ಟು ಹರಿಯುತ್ತಲೇ ಇರುತ್ತದೆ, ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲು ಕೂಡುವುದಿಲ್ಲ. ಎಂಜಿನ್ ಆರಿದ್ದಾಗಲೂ ಲಿವರ್ ಗಟ್ಟಿಯಾಗಿದ್ದರೆ ಗೇರ್ ಕೇಬಲ್, ಬುಷ್, ಪಿನ್ನುಗಳ ಕಡೆ ನೋಡಬೇಕು. ಬೆಳಿಗ್ಗೆ ಮಾತ್ರ ಬಿಗಿಯಿದ್ದು, ಸ್ವಲ್ಪ ದೂರ ಓಡಿದ ಮೇಲೆ ಸಡಿಲವಾಗುವುದಾದರೆ ಸಂಶಯ ಗೇರ್ ಆಯಿಲ್ ಮೇಲೆ.

ನನ್ನ ಕಾರಿನಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಮೂರನೆಯ ಬಗೆ. ಜನವರಿಯ ಚಳಿಯ ಬೆಳಗಿನಲ್ಲಿ ಒಂದರಿಂದ ಎರಡಕ್ಕೆ ಹಾಕುವಾಗ ಲಿವರ್ ಅರ್ಧದಲ್ಲಿ ತಡೆದು ನಿಲ್ಲುತ್ತಿತ್ತು. ಸರ್ವಿಸ್ ಸೆಂಟರಿನವರು ಹೊಸ ಗಾಡಿ ಹಾಗೆಯೇ ಇರುತ್ತದೆ ಎಂದು ಕಳಿಸಿದರು. ಗೇರ್ ಬೀಳುವ ಮೊದಲು ಸಿಂಕ್ರೋ ರಿಂಗ್ ಎಂಬ ಹಿತ್ತಾಳೆಯ ಉಂಗುರವೊಂದು ಗೇರಿನ ಶಂಕುವಿನಾಕಾರದ ಭಾಗವನ್ನು ಉಜ್ಜಿ ಹಿಡಿದು ಎರಡರ ವೇಗವನ್ನೂ ಸರಿದೂಗಿಸುತ್ತದೆ. ವೇಗ ಸರಿಹೊಂದುವವರೆಗೆ ಅದು ಲಿವರನ್ನು ಮುಂದಕ್ಕೆ ಬಿಡುವುದಿಲ್ಲ. ಆಯಿಲ್ ತಣ್ಣಗಾಗಿ ಮಂದವಾಗಿದ್ದರೆ, ಉಂಗುರದ ಗೀರುಗಳು ಆಯಿಲ್‌ನ ಪದರವನ್ನು ಸರಿಸಿ ಹಿಡಿತ ಸಾಧಿಸಲು ಹೆಚ್ಚು ಹೊತ್ತು ಬೇಕು. ಒಂದನೇ ಮತ್ತು ಎರಡನೇ ಗೇರ್‌ಗಳ ನಡುವಿನ ಅಂತರವೇ ಎಲ್ಲಕ್ಕಿಂತ ದೊಡ್ಡದಾದ್ದರಿಂದ ಕಷ್ಟ ಎರಡನೆಯದರಲ್ಲೇ ಎದ್ದು ಕಾಣುತ್ತದೆ.

ನಲವತ್ತು ಸಾವಿರದ ಸುಮಾರಿಗೆ ಕಂಪನಿಯ ಆಯಿಲ್ ಇಳಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆದ 75ಡಬ್ಲ್ಯೂ-80 (ಇದು ಮಂದತೆಯ ದರ್ಜೆ), ಜಿಎಲ್-4 (ಇದು ಒತ್ತಡ ತಾಳುವ ಗುಣದ ದರ್ಜೆ) ಸಿಂಥೆಟಿಕ್ ಆಯಿಲ್ ಹಾಕಿಸಿದೆ. ಹಿಡಿದದ್ದು ಸುಮಾರು ಎರಡು ಲೀಟರ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಊರಿನ ಅಂಗಡಿಗಳಲ್ಲಿ ಗೇರ್ ಆಯಿಲ್ ಎಂದು ಕೇಳಿದರೆ ಮೊದಲು ಕೈಗೆ ಬರುವುದು ಜೀಪು, ಟ್ರ್ಯಾಕ್ಟರುಗಳಿಗೆಂದು ಇಟ್ಟಿರುವ 90ರ ಆಯಿಲ್. ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ 80ರ ದರ್ಜೆಯ ಸ್ನಿಗ್ಧತೆ, ಅಂದರೆ ಮಂದತೆ, 11 ಸೆಂಟಿಸ್ಟೋಕ್ಸ್‌ಗಿಂತ ಕಡಿಮೆ ಇರಬೇಕು, 90ರದ್ದು 13.5ರಿಂದ 18.5ರ ಒಳಗೆ, ಬಿಸಿಯಲ್ಲೇ ಇಷ್ಟು ವ್ಯತ್ಯಾಸವಿದ್ದರೆ ಚಳಿಯಲ್ಲಿ ಹೇಗಿರಬಹುದು ಎಂದು ಊಹಿಸಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದದ್ದು ಜಿಎಲ್ ಸಂಖ್ಯೆ. ಜಿಎಲ್-5 ಎಂಬುದು ಜಿಎಲ್-4ರ ಸುಧಾರಿತ ರೂಪವೆಂದು ನಂಬಿರುವವರು ಬಹಳ. ಅದು ಮುಖ್ಯವಾಗಿ ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಭಾರೀ ಒತ್ತಡಕ್ಕೆಂದು ಮಾಡಿದ್ದು. ಅದರಲ್ಲಿ ಹೆಚ್ಚಾಗಿರುವ ಗಂಧಕ, ರಂಜಕದ ಮಿಶ್ರಣಗಳು ಹಿತ್ತಾಳೆಯನ್ನು ತಿನ್ನಬಲ್ಲವು. ಜೊತೆಗೆ ಉಂಗುರಕ್ಕೆ ಬೇಕಾದ ಉಜ್ಜುವಿಕೆಯೇ ಸಿಗದಷ್ಟು ಅದು ಜಾರುತ್ತದೆ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಹಾಕಿಸಬೇಕು.

ಹಳೆಯ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತು ನೋಡುವುದು ಒಳ್ಳೆಯದು. ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಖಾಲಿ ಬಾಕ್ಸನ್ನು ಮುಂದಿಟ್ಟುಕೊಂಡು ಕೂರಬೇಕಾದೀತು. ನನ್ನ ಕಾರಿನ ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿತ್ತು, ಬೆರಳಲ್ಲಿ ತಿಕ್ಕಿದರೆ ಚೂರುಗಳು ಸಿಗಲಿಲ್ಲ. ಪಾತ್ರೆಯನ್ನು ಬಿಸಿಲಿಗೆ ಓರೆ ಮಾಡಿದಾಗ ಕಪ್ಪು ಆಯಿಲ್‌ನಲ್ಲಿ ಚಿನ್ನದ ಬಣ್ಣದ ತೆಳು ಮಿನುಗು ಕಾಣಿಸಿತು. ಅದು ಸಿಂಕ್ರೋ ರಿಂಗ್ ಸಹಜವಾಗಿ ಸವೆದದ್ದು. ಉಗುರಿಗೆ ಸಿಗುವಷ್ಟು ದೊಡ್ಡ ಕಬ್ಬಿಣದ ಚೂರು ಬಂದಿದ್ದರೆ ವಿಷಯ ಬೇರೆಯೇ ಆಗುತ್ತಿತ್ತು. ಹೊಸ ಆಯಿಲ್‌ನಿಂದ ಬೆಳಗಿನ ಬಿಗಿ ಬಹಳಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎಂಜಿನ್ ಬಿಸಿಯಾಗಲೆಂದು ನಿಂತಲ್ಲೇ ಓಡಿಸುವುದರಿಂದ ಗೇರ್ ಆಯಿಲ್ ಬೇಗ ಬಿಸಿಯಾಗುವುದಿಲ್ಲ. ಮೊದಲ ಒಂದೆರಡು ಕಿಲೋಮೀಟರ್ ಆತುರವಿಲ್ಲದೆ, ಕಡಿಮೆ ವೇಗದಲ್ಲೇ ಗೇರ್ ಬದಲಿಸುವುದೇ ಇದಕ್ಕೆ ಉಪಾಯ.

ನಿಜವಾದ ತಲೆನೋವು ಶುರುವಾದದ್ದು ಅರವತ್ತು ಸಾವಿರ ದಾಟಿದ ಮೇಲೆ. ಬೆಂಗಳೂರಿನ ಹೆಬ್ಬಾಳದ ಬಳಿ ಹಿಂದುಮುಂದೆ ವಾಹನಗಳು ಕಿಕ್ಕಿರಿದು ನಿಂತಿದ್ದಾಗ ಮೊದಲನೇ ಗೇರ್ ಬೀಳಲೇ ಇಲ್ಲ. ಎರಡನೆಯದಕ್ಕೆ ಹಾಕಿ ಹೇಗೋ ಕದಲಿಸಿದೆ. ರಿವರ್ಸ್ ಹಾಕಿದರೆ ಕರ್ರೆಂಬ ಸದ್ದು. ಒಂದು ಸರ್ವಿಸ್ ಸೆಂಟರಿನಲ್ಲಿ ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕೆಂದು ದೊಡ್ಡ ಮೊತ್ತದ ಅಂದಾಜು ಬರೆದುಕೊಟ್ಟರು. ಮೇಲೆ ಹೇಳಿದ ಪರೀಕ್ಷೆಯನ್ನು ಅವರು ಮಾಡಿರಲಿಲ್ಲ. ಊರಿಗೆ ಮರಳಿ ಪರಿಚಯದ ಗ್ಯಾರೇಜಿಗೆ ಒಯ್ದಾಗ, ಅಲ್ಲಿನ ಮೆಕ್ಯಾನಿಕ್ ಎಂಜಿನ್ ಆರಿಸಿ ಗೇರ್‌ಗಳನ್ನು ಹಾಕಿ ನೋಡಿ, “ಬಾಕ್ಸ್ ಮುಟ್ಟೋದೇ ಬೇಡ ಸಾರ್, ಕೇಬಲ್ ಹೋಗಿದೆ” ಎಂದರು. ಕ್ಲಚ್ ಕೇಬಲ್ ಬಿಚ್ಚಿ, ಒಂದು ತುದಿಯನ್ನು ಎತ್ತಿ ಹಿಡಿದು ಒಳಗಿನ ತಂತಿಯನ್ನು ಕೈಯಿಂದ ಎಳೆದು ತೋರಿಸಿದರು. ತಂತಿ ಸ್ವಲ್ಪ ಜಾರಿ, ಹಿಡಿದು, ಮತ್ತೆ ಜಾರುತ್ತಿತ್ತು. ಪೆಡಲ್ ಕಡೆಯ ತುದಿಯಲ್ಲಿ ಕೆಲವು ಎಳೆಗಳು ತುಂಡಾಗಿ, ಸವೆದ ಬಾವಿಹಗ್ಗದ ನಾರಿನಂತೆ ಹೊರಗೆ ಚಾಚಿಕೊಂಡಿದ್ದವು. ಹೀಗೆ ಎಳೆ ಕಡಿದು ಉದ್ದವಾದ ಕೇಬಲ್, ಪಾದ ಕೊಟ್ಟ ಒತ್ತಡದ ಒಂದು ಪಾಲನ್ನು ತಾನೇ ನುಂಗಿಬಿಡುತ್ತದೆ.

ಹೊಸ ಕೇಬಲ್ ಹಾಕಿದರಷ್ಟೇ ಸಾಲದು, ಪೆಡಲಿನ ಫ್ರೀ ಪ್ಲೇ ಸರಿಮಾಡಬೇಕು. ಪೆಡಲನ್ನು ಬೆರಳಿನಿಂದ ಒತ್ತಿದಾಗ ಭಾರ ತಾಗುವ ಮೊದಲು ಅದು ಸುಮ್ಮನೆ ಇಳಿಯುವ ದೂರವಿದು. ಎಷ್ಟಿರಬೇಕೆಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಈ ದೂರ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಬಿಗಿಯಾಗುತ್ತದೆ, ತೀರಾ ಕಡಿಮೆಯಾದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಬಾಕ್ಸಿನ ಬಳಿಯಿರುವ ಒಂದು ನಟ್ ತಿರುಗಿಸಿದರೆ ಮುಗಿಯುವ ಈ ಕೆಲಸವನ್ನು ಪ್ರತಿ ಸರ್ವಿಸಿನಲ್ಲೂ ನಾವೇ ಕೇಳಿ ಮಾಡಿಸಿಕೊಳ್ಳಬೇಕಾಗಿದೆ. ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರುವವರು ಇದರ ಬದಲು ಫ್ಲೂಯಿಡ್ ಮಟ್ಟ, ಪೈಪಿನೊಳಗೆ ಸೇರಿದ ಗಾಳಿ, ಸಿಲಿಂಡರಿನ ಸೋರಿಕೆಗಳನ್ನು ನೋಡಿಸಬೇಕು.

ನೆಲಹಾಸಿನ ವಿಷಯವನ್ನೂ ಇಲ್ಲೇ ಹೇಳಬೇಕು. ಕಂಪನಿಯ ಮ್ಯಾಟಿನ ಮೇಲೆ ಅಂಗಡಿಯ ದಪ್ಪ 7ಡಿ ಮ್ಯಾಟ್ ಹಾಸುವ ಚಾಳಿ ಈಗ ಎಲ್ಲೆಡೆ ಇದೆ. ಪೆಡಲ್ ಕೊನೆಯವರೆಗೆ ಇಳಿಯಲು ಅದು ಅಡ್ಡವಾದರೆ ಎಷ್ಟು ಒಳ್ಳೆಯ ಕ್ಲಚ್ ಇದ್ದರೂ ಗೇರ್ ಬಿಗಿಯಾಗಿಯೇ ಇರುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಮ್ಯಾಟ್ ಎತ್ತಿಟ್ಟು ಒಮ್ಮೆ ಓಡಿಸಿ ನೋಡಬಹುದು.

ಮಲೆನಾಡಿನ ಮಳೆ ತಂದ ತೊಂದರೆ ಬೇರೆಯದು. ಒಂದು ಮಳೆಗಾಲದ ಕೊನೆಗೆ ಲಿವರ್ ಹಿಂದೆಮುಂದೆ ಸರಿಯಾಗಿಯೇ ಆಡುತ್ತಿತ್ತು, ಎಡಬಲಕ್ಕೆ ಮಾತ್ರ ಮಣಿಯುತ್ತಿರಲಿಲ್ಲ. ನ್ಯೂಟ್ರಲ್‌ನಲ್ಲಿ ಎಡಕ್ಕೆ ಒತ್ತಿ ಬಿಟ್ಟರೆ ಲಿವರ್ ತಾನಾಗಿಯೇ ಮೂರು ಮತ್ತು ನಾಲ್ಕರ ಸಾಲಿಗೆ ಮರಳಬೇಕು; ನನ್ನದು ಒತ್ತಿದಲ್ಲೇ ಉಳಿಯುತ್ತಿತ್ತು. ಎರಡು ಕೇಬಲ್‌ಗಳಲ್ಲಿ ಸಾಲು ಆರಿಸುವುದು ಒಂದರ ಕೆಲಸ, ಗೇರಿಗೆ ನೂಕುವುದು ಇನ್ನೊಂದರದು. ಬಾಕ್ಸಿನ ತಲೆಯ ಮೇಲಿನ ಪಿನ್ನಿಗೆ ಕೆಂಪು ಕೆಸರು ಮೆತ್ತಿ ತುಕ್ಕು ಹಿಡಿದಿತ್ತು. ಅದನ್ನು ತೊಳೆದು ಗ್ರೀಸ್ ಹಚ್ಚಿದಾಗ ಅರ್ಧ ಸರಿಹೋಯಿತು. ಉಳಿದರ್ಧಕ್ಕೆ, ನೀರು ಹೊಕ್ಕಿದ್ದ ಕೇಬಲನ್ನೇ ಬದಲಿಸಬೇಕಾಯಿತು. ಅದಾದ ಮೇಲೆ ಪ್ರತಿ ಮಳೆಗಾಲ ಮುಗಿದೊಡನೆ ಆ ಪಿನ್ನಿಗೆ ಗ್ರೀಸ್ ಹಾಕಿಸುತ್ತಿದ್ದೇನೆ, ತೊಂದರೆ ಮರುಕಳಿಸಿಲ್ಲ.

ಎಂಬತ್ತು ಸಾವಿರದ ಮೇಲೆ ಪೆಡಲೇ ಭಾರವಾಗತೊಡಗಿತು. ಕ್ಲಚ್ ಪ್ಲೇಟ್ ಸವೆದು ತೆಳುವಾದಂತೆ ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಕೋನ ಬದಲಾಗಿ, ಆ ಸ್ಪ್ರಿಂಗನ್ನು ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿದೆ. ಒಂದಕ್ಕಾಗಿ ಬಾಕ್ಸ್ ಇಳಿಸುವ ಕೂಲಿಯೇ ಮೂರಕ್ಕೂ ಆಗುವಾಗ ಅಲ್ಲಿ ಜಿಪುಣತನದಲ್ಲಿ ಅರ್ಥವಿಲ್ಲ.

ಓಡಿಸುವ ರೀತಿಯ ಬಗ್ಗೆಯೂ ಒಂದು ಮಾತು. ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ, ಹಳೆಯ ಬಸ್ ಚಾಲಕರು ಡಬಲ್ ಕ್ಲಚ್ ಎನ್ನುತ್ತಿದ್ದ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ: ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕುವುದು. ಸಿಂಕ್ರೋ ಮಾಡಬೇಕಾದ ಕೆಲಸವನ್ನು ಎಂಜಿನ್ನೇ ಮಾಡಿಕೊಡುತ್ತದೆ. ರಿವರ್ಸ್ ಬೀಳದಿದ್ದಾಗ ಬಲ ಪ್ರಯೋಗಿಸದೆ, ಕ್ಲಚ್ ತುಳಿದೇ ಒಮ್ಮೆ ಮೊದಲನೆಯದಕ್ಕೆ ಹಾಕಿ ಆಮೇಲೆ ರಿವರ್ಸಿಗೆ ಹಾಕಿದರೆ ಸಾಮಾನ್ಯವಾಗಿ ಬೀಳುತ್ತದೆ.

ಈ ಜಂಜಾಟವೇ ಬೇಡವೆಂದು ಎಎಂಟಿ, ಅಂದರೆ ಗೇರನ್ನು ತಾನೇ ಬದಲಿಸುವ ಕಾರು ಕೊಳ್ಳುವಂತೆ ಸಲಹೆ ಕೊಡುವವರಿದ್ದಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂದ ಆ ವ್ಯವಸ್ಥೆಯಲ್ಲೂ ಒಳಗಿರುವುದು ಇದೇ ಕ್ಲಚ್, ಇದೇ ಬಗೆಯ ಬಾಕ್ಸ್. ಕೈಕಾಲಿನ ಬದಲು ಯಂತ್ರ ಅವನ್ನು ಆಡಿಸುತ್ತದೆ, ಸವೆತ ತಪ್ಪುವುದಿಲ್ಲ. ಬೆಂಗಳೂರಿನಲ್ಲೇ ದಿನವೂ ಓಡಾಡುವವರಿಗೆ ಅದು ಒಪ್ಪುತ್ತದೆ, ಘಾಟಿಯಲ್ಲಿ ನನಗೆ ಮ್ಯಾನುಯಲ್ಲೇ ಇಷ್ಟ.

ಈ ಕಾರಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಇದೇ ಬಗೆಯ ಹಳೆಯ ಕಾರನ್ನು ಕೊಳ್ಳಲು ಹೊರಟವರು ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನುವುದು ಮೇಲು. ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದರೆ ಮಾತ್ರ ಸದ್ದು ಬರುವುದಾದರೆ ಅದು ಕ್ಲಚ್ ಬೇರಿಂಗಿನದು, ಬೆಲೆಯಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದು. ಕ್ಲಚ್ ಬಿಟ್ಟಾಗ ಸದ್ದಿದ್ದು ತುಳಿದೊಡನೆ ನಿಂತರೆ ಅದು ಹೆಚ್ಚಾಗಿ ಬಾಕ್ಸಿನ ಒಳಶಾಫ್ಟಿನ ಬೇರಿಂಗಿನದು. ಅಂಥ ಕಾರನ್ನು ನಾನಾದರೆ ಕೊಳ್ಳುವುದಿಲ್ಲ.