ಪೆಟ್ಟಿಗೆಯೊಳಗಿನ ಫೆಲ್ಲಿನಿ: ಒಂದು ಬ್ಲೂ-ರೇ ಸಂಪುಟದ ವಿಮರ್ಶೆ

ಇಟಲಿಯ ನಿರ್ದೇಶಕ ಫೆದೆರಿಕೊ ಫೆಲ್ಲಿನಿಯ ಜನ್ಮಶತಮಾನೋತ್ಸವದ ವರ್ಷವಾದ 2020ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಹೊರತಂದ ‘ಎಸೆನ್ಷಿಯಲ್ ಫೆಲ್ಲಿನಿ’ ಸಂಪುಟದಲ್ಲಿ 15 ಬ್ಲೂ-ರೇ ಡಿಸ್ಕ್‌ಗಳಿದ್ದು, ಅವುಗಳಲ್ಲಿ 14 ಚಿತ್ರಗಳಿವೆ. ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿರುವುದರಿಂದ, ಮೊದಲಿನಿಂದ ನೋಡುತ್ತ ಹೋದವರಿಗೆ ಜೀವನಚರಿತ್ರೆಯೊಂದನ್ನು ಓದಿದಂತಾಗುತ್ತದೆ.

‘ಇ ವಿತೆಲ್ಲೋನಿ’ಯ (1953) ಕೊನೆಯಲ್ಲಿ ಮೊರಾಲ್ದೊ ಎಂಬ ತರುಣ ಮುಂಜಾನೆಯ ರೈಲು ಹತ್ತಿ ಊರು ಬಿಡುತ್ತಾನೆ. 1939ರಲ್ಲಿ ಹುಟ್ಟೂರು ರಿಮಿನಿಯನ್ನು ಬಿಟ್ಟು ರೋಮ್ ಸೇರಿ, ಹಾಸ್ಯಪತ್ರಿಕೆಗೆ ಬರೆದು ಹೊಟ್ಟೆ ಹೊರೆದ ಫೆಲ್ಲಿನಿಯ ನೆರಳು ಅವನಲ್ಲಿದೆ. ‘ಇ ವಿತೆಲ್ಲೋನಿ’ಯಾದ ಇಪ್ಪತ್ತು ವರ್ಷಗಳ ನಂತರ ‘ಅಮರ್ಕಾರ್ಡ್’ನಲ್ಲಿ (1973) ಫೆಲ್ಲಿನಿ ಅದೇ ಊರಿಗೆ ಮರಳಿದ್ದು ರೋಮಿನ ಚಿನೆಚಿತ್ತಾ ಸ್ಟುಡಿಯೊದಲ್ಲಿ ಬೀದಿ, ಚೌಕಗಳನ್ನೆಲ್ಲ ಕಟ್ಟಿಸಿಕೊಂಡು. ಊರವರು ದೋಣಿಗಳಲ್ಲಿ ಕಾದು ಕುಳಿತ ರಾತ್ರಿ ‘ರೆಕ್ಸ್’ ಹಡಗು ಹಾದುಹೋಗುವಾಗ, ಕೆಳಗೆ ಅಲೆಯಾಡುತ್ತಿರುವುದು ಪ್ಲಾಸ್ಟಿಕ್ ಹಾಳೆಯೆಂಬುದು ಈ ಡಿಸ್ಕ್‌ನ ಸ್ಪಷ್ಟತೆಯಲ್ಲಿ ಕಣ್ಣಿಗೆ ರಾಚುತ್ತದೆ. ಆದರೂ ದೃಶ್ಯದ ಮೋಡಿ ಕುಂದುವುದಿಲ್ಲ. ಹುಸಿ ಕಡಲನ್ನು ಮರೆಮಾಚುವ ಇರಾದೆ ಫೆಲ್ಲಿನಿಗೇ ಇರಲಿಲ್ಲ.

ಧ್ವನಿಯ ವಿಷಯವನ್ನು ಹೇಳಲೇಬೇಕು. ಫೆಲ್ಲಿನಿ ಮಾತುಗಳನ್ನು ಚಿತ್ರೀಕರಣದ ನಂತರ ಡಬ್ಬಿಂಗ್ ಮಾಡಿಸುತ್ತಿದ್ದ. ಕೆಲವು ನಟರಿಗೆ ಸಂಭಾಷಣೆಯ ಬದಲು ಅಂಕಿ ಎಣಿಸಲು ಹೇಳುತ್ತಿದ್ದುದೂ ಉಂಟು. ಆದ್ದರಿಂದ ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಡಿಸ್ಕನ್ನು ದೂರಬೇಕಾಗಿಲ್ಲ. ‘ಲಾ ಸ್ತ್ರಾದಾ’ದಲ್ಲಿ (1954) ಝಂಪಾನೊ ಎಂಬ ಬೀದಿ ಜಟ್ಟಿಯಾಗಿರುವ ಆಂಥನಿ ಕ್ವಿನ್‌ನ ಸ್ವಂತ ಕಂಠ ಕೇಳಬೇಕೆನ್ನುವವರಿಗೆ ಇಂಗ್ಲಿಷ್ ಧ್ವನಿಯೂ ಇದೆ. ನನಗಂತೂ ಇಟಾಲಿಯನ್ನೇ ಇಷ್ಟ. ಫೆಲ್ಲಿನಿಯ ಪತ್ನಿ ಜೂಲಿಯೆತ್ತಾ ಮಸೀನಾ ಡೋಲು ಬಾರಿಸುತ್ತ ‘ಝಂಪಾನೊ ಬಂದಿದ್ದಾನೆ’ ಎಂದು ಕೂಗಲು ಕಲಿಯುವ ದೃಶ್ಯದಲ್ಲಿರುವ ನಗೆ ಮತ್ತು ದಿಗಿಲು ಇಂಗ್ಲಿಷ್‌ನಲ್ಲಿ ಸಪ್ಪೆಯಾಗಿಬಿಡುತ್ತವೆ.

ಚಿತ್ರಗಳಲ್ಲಿ 11ನ್ನು 4ಕೆ ಎಂಬ ಅತಿ ಸ್ಪಷ್ಟ ಗುಣಮಟ್ಟದಲ್ಲಿ ಹೊಸದಾಗಿ ಸಂಸ್ಕರಿಸಲಾಗಿದೆ. ‘ಎಂಟೂವರೆ’ಯ (1963) ಕಪ್ಪು-ಬಿಳುಪಿನಲ್ಲಿ ನಾಯಕನಟ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿಯ ಕನ್ನಡಕದ ಹಿಂದಿನ ದಣಿವು ಕೂಡ ಕಾಣುತ್ತದೆ. ಜೊತೆಗೆ ಆ ನಟನ ಕುರಿತ ಮೂರು ಗಂಟೆಗೂ ಮಿಕ್ಕಿದ ಸಾಕ್ಷ್ಯಚಿತ್ರವಿದ್ದು, ಒಂದೇ ಸಲಕ್ಕೆ ನೋಡಿ ಮುಗಿಸುವ ತಾಳ್ಮೆ ನನಗಿರಲಿಲ್ಲ.

ಆದರೆ ಈ ಜೀವನಚರಿತ್ರೆಯ ಕೊನೆಯ ಅಧ್ಯಾಯಗಳಲ್ಲಿ ಹಾಳೆಗಳು ಕಿತ್ತುಹೋಗಿವೆ. ‘ಕಾಸಾನೋವಾ’ (1976), ‘ಜಿಂಜರ್ ಮತ್ತು ಫ್ರೆಡ್’ (1986), ಕಡೆಯ ಚಿತ್ರವಾದ ‘ಚಂದ್ರನ ದನಿ’ (1990) ಇಲ್ಲಿಲ್ಲ. ಮುಪ್ಪಿನ ಫೆಲ್ಲಿನಿ ಟೀವಿಯ ಮೇಲೆ ಹರಿಹಾಯ್ದ ಸಿಟ್ಟು ಮತ್ತು ವಿಷಾದ ಇವುಗಳಲ್ಲಿ ಕೊನೆಯ ಎರಡು ಚಿತ್ರಗಳಿಲ್ಲದೆ ಪೂರ್ತಿ ತಿಳಿಯುವುದಿಲ್ಲ.

ಬ್ಲೂ-ರೇಗಾಗಿ ಜಗತ್ತನ್ನು ಎ, ಬಿ, ಸಿ ಎಂದು ವಲಯಗಳಾಗಿ ಹಂಚಲಾಗಿದ್ದು, ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಬೇರೆ ವಲಯದ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಈ ಡಿಸ್ಕ್‌ಗಳು ಎ ವಲಯದವು, ಭಾರತ ಸಿ ವಲಯದಲ್ಲಿದೆ. ಎಲ್ಲ ವಲಯಗಳನ್ನೂ ಓಡಿಸುವ ಪ್ಲೇಯರ್ ಮನೆಯಲ್ಲಿದ್ದರೆ ಮಾತ್ರ ತರಿಸಿಕೊಳ್ಳಿ.