ಹಳೇ ಶಕ್ತಿ 130 ಡಿಐ ಟಿಲ್ಲರ್: ಮನೆಯಲ್ಲೇ ಬಿಚ್ಚಿ ಕಟ್ಟಿದ ಮೇಲೆ ಮೂರು ಮಳೆಗಾಲ

ಹಳೇ ಟಿಲ್ಲರ್ ತಂದವರು ಸಾಮಾನ್ಯವಾಗಿ ಮೊದಲು ಇಂಜಿನ್‌ಗೆ ಕೈ ಹಾಕುತ್ತಾರೆ. ಕೆಸರುಗದ್ದೆಯಲ್ಲಿ ದುಡಿದ ಗಾಡಿಯಾದರೆ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸ್ ಆಯಿಲ್. ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ತಳದ ಪ್ಲಗ್ ಅರ್ಧ ಸಡಿಲಿಸಿ. ನೀರು ತಳಕ್ಕಿಳಿದಿರುತ್ತದೆ, ಅದೇ ಮೊದಲು ಸುರಿಯುತ್ತದೆ. ಹಾಲು ಹಾಕಿದ ಕಾಫಿಯ ಬಣ್ಣದ ಆಯಿಲ್ ಬಂದರೂ ಅರ್ಥ ಅದೇ: ಆಕ್ಸಲ್ ಸೀಲ್ (ಆಯಿಲ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ, ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತಿದೆ.

ಹೊಸ ಸೀಲ್ ಹಾಕಿದರೂ ಒಂದೇ ಹಂಗಾಮಿಗೆ ಮತ್ತೆ ಸೋರಿತು ಎನ್ನುವವರು ಬಹಳ. ತಪ್ಪು ಹೆಚ್ಚಾಗಿ ಸೀಲ್‌ನದ್ದಲ್ಲ, ಶಾಫ್ಟ್‌ನದ್ದು. ಹಳೇ ಸೀಲ್‌ನ ತುಟಿ ಕೂರುತ್ತಿದ್ದ ಜಾಗದಲ್ಲಿ ಉಗುರು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ಕೆಸರಿನ ಮರಳು ಕೊರೆದದ್ದು. ಹೌಸಿಂಗ್‌ನಲ್ಲಿ ಜಾಗವಿದ್ದರೆ ಹೊಸ ಸೀಲನ್ನು 2 ಮಿ.ಮೀ. ಆಚೀಚೆ ಕೂರಿಸಿದರೆ ತುಟಿ ನುಣುಪು ಜಾಗಕ್ಕೆ ಬರುತ್ತದೆ. ಜಾಗವಿಲ್ಲದಿದ್ದರೆ ಲೇತ್‌ನವರ ಹತ್ತಿರ ಸ್ಲೀವ್ (ಶಾಫ್ಟ್ ಮೇಲೆ ಕೂರುವ ತೆಳು ಲೋಹದ ಬಳೆ) ಹಾಕಿಸಿ. ಎರಡು ತುಟಿಯ ಸೀಲನ್ನೇ ಕೇಳಿ ತನ್ನಿ. ಸ್ಪ್ರಿಂಗ್ ಇರುವ ಕಡೆ ಆಯಿಲ್‌ಗೆ ಮುಖ ಮಾಡಿರಲಿ, ಎರಡು ತುಟಿಗಳ ನಡುವೆ ಗ್ರೀಸ್ ತುಂಬಿ. ಶಾಫ್ಟ್‌ನಲ್ಲಿ ಚಾವಿ (ಕೀ) ಕೂರುವ ಸೀಳಿನ ಮೇಲೆ ಸೆಲ್ಲೋಟೇಪ್ ಸುತ್ತಿ ತೂರಿಸಿ, ಇಲ್ಲವಾದರೆ ಅದರ ಅಂಚು ಹೊಸ ತುಟಿಯನ್ನು ಕುಯ್ದುಬಿಡುತ್ತದೆ.

ಇಂಜಿನ್ ಒಂದು ಸಿಲಿಂಡರಿನದ್ದು, ಅಡ್ಡ ಮಲಗಿದ್ದು, ನೀರಿನಿಂದ ತಣಿಯುವಂಥದ್ದು. 13 ಎಚ್‌ಪಿ, ಬೋರ್ (ಸಿಲಿಂಡರಿನ ಒಳ ಅಗಲ) 95 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 95 ಮಿ.ಮೀ. ಬಿಚ್ಚುವ ಮೊದಲು ಪರೀಕ್ಷೆ ಮಾಡಿ. ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಎತ್ತದೆ ಸ್ಟಾರ್ಟ್ ಮಾಡುವ ಹ್ಯಾಂಡಲ್ ನಿಧಾನ ತಿರುಗಿಸಿದಾಗ ಅದು ಎದುರು ಒದೆಯಬೇಕು. ಒದೆಯದಿದ್ದರೆ ಗಾಳಿ ಎಳೆಯುವ ದಾರಿಯಲ್ಲಿ ಎರಡು ಟೀ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ತಿರುಗಿಸಿ. ಅದಕ್ಕಿಂತ ಹೆಚ್ಚು ಬೇಡ. ಕಂಪ್ರೆಷನ್ ಏರಿದರೆ ಪಿಸ್ಟನ್ ರಿಂಗ್ ಅಥವಾ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ನೋಡಿ.

ಬೋರ್ ಗೇಜ್ ಇಲ್ಲದಿದ್ದರೆ ಹೊಸ ರಿಂಗ್ ಒಂದನ್ನು ಲೈನರ್‌ನ ಹೆಡ್ ಕಡೆಯ ತುದಿಯ ಹತ್ತಿರ, ರಿಂಗ್ ಓಡಾಡಿ ಸವೆದ ಜಾಗದಲ್ಲಿ, ಪಿಸ್ಟನ್ ತಲೆಯಿಂದ ತಳ್ಳಿ ನೇರ ಕೂರಿಸಿ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಅಳೆಯಿರಿ. ಈ ಬೋರ್‌ಗೆ 0.3ರಿಂದ 0.4 ಮಿ.ಮೀ. ಸರಿ. 1 ಮಿ.ಮೀ. ದಾಟಿದರೆ ಬರೀ ರಿಂಗ್ ಬದಲಿಸಿ ಫಲವಿಲ್ಲ, ಲೈನರ್-ಪಿಸ್ಟನ್ ಸೆಟ್ಟೇ ಹಾಕಬೇಕು. ಲೈನರ್ ಕೂರಿಸುವಾಗ ಹೊರಗಿನ ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ತಿರುಚದೆ ಒತ್ತಿ. ಆಮೇಲೆ ಜಾಕೆಟ್‌ಗೆ (ಲೈನರ್ ಸುತ್ತ ನೀರು ನಿಲ್ಲುವ ಜಾಗಕ್ಕೆ) ನೀರು ತುಂಬಿ ಒಂದು ರಾತ್ರಿ ಬಿಡಿ. ಕ್ರ್ಯಾಂಕ್ ಕೇಸ್‌ನಲ್ಲಿ ಒಂದು ಹನಿ ಕಂಡರೂ ಮತ್ತೆ ತೆಗೆಯಿರಿ. ಈ ಒಂದು ರಾತ್ರಿ ಉಳಿಸಲು ಹೋಗಿ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯದ್ದು) ಕಳೆದುಕೊಳ್ಳಬೇಡಿ.

ಡೀಸೆಲ್ ಪಂಪ್ ಬಿಚ್ಚಿದರೆ ಅದರಡಿಯ ಶಿಮ್‌ಗಳನ್ನು (ತೆಳು ತಗಡುಗಳನ್ನು) ಎಣಿಸಿ, ದಾರ ಕಟ್ಟಿ ಇಡಿ. ಒಂದು ಕಮ್ಮಿಯಾದರೆ ಡೀಸೆಲ್ ಬೇಗ ಚಿಮ್ಮುತ್ತದೆ, ಇಂಜಿನ್ ಬಡಿಯುತ್ತದೆ. ಹೆಚ್ಚಾದರೆ ತಡವಾಗಿ ಚಿಮ್ಮಿ ಹೊಗೆ, ಎಳೆತ ಕಮ್ಮಿ. ನಾಜಲ್ (ಡೀಸೆಲ್ ಚಿಮ್ಮುವ ಮೂತಿ) ಕೆಲಸ ಮಾತ್ರ ಮನೆಯಲ್ಲಿ ಬೇಡ, ಡೀಸೆಲ್ ಪಂಪ್ ರಿಪೇರಿಯವರಿಗೇ ಕೊಡಿ. ಬೆಲ್ಟ್‌ಗಳನ್ನು ಅಷ್ಟೂ ಒಟ್ಟಿಗೆ ಬದಲಿಸಿ. ಒಂದು ಹೊಸತು, ಉಳಿದವು ಹಳತು ಎಂದರೆ ಹೊಸದೊಂದೇ ಎಲ್ಲ ಭಾರ ಹೊರುತ್ತದೆ. ಬಣ್ಣ ಕೊನೆಗೆ: ವೈರ್ ಬ್ರಷ್, ರೆಡ್ ಆಕ್ಸೈಡ್, ಎನಾಮಲ್, ಸಾಕು.

ಇನ್ನು, ಹೀಗೆ ಕಟ್ಟಿದ ನಮ್ಮ ಗಾಡಿ ದುಡಿದ ಮೂರು ಮಳೆಗಾಲದ ಲೆಕ್ಕ. ಸ್ಲೀವ್ ಹಾಕಿದ ಮೇಲೆ ಗೇರ್ ಆಯಿಲ್ ಈಗಲೂ ತಿಳಿಯಾಗಿದೆ. ಇಂಜಿನ್ ತಣ್ಣಗಿದ್ದಾಗಲೂ ಮೂರು-ನಾಲ್ಕು ಸುತ್ತಿಗೆ ಹೊತ್ತಿಕೊಳ್ಳುತ್ತದೆ. ರೋಟರಿ ಹೊಡೆಯುವಾಗ ಗಂಟೆಗೆ ಒಂದೂಕಾಲು ಲೀಟರ್ ಆಸುಪಾಸು ಡೀಸೆಲ್ ಬೇಕು. ಸೈಲೆನ್ಸರ್ ಮಾತ್ರ ತುಕ್ಕು ತಿಂದು ತೂತಾಯಿತು. ಲೈನರ್ ಉಳಿದಿರುವುದು ಏರ್ ಕ್ಲೀನರ್‌ನಿಂದ. ಬೇಸಿಗೆಯಲ್ಲಿ ಒಣಮಣ್ಣು ಹೊಡೆಯುವಾಗ ಅದರ ಬಟ್ಟಲಿನ ಆಯಿಲ್ ಬೆರಳಿಗೆ ಗಸಿಯಂತೆ ಅಂಟತೊಡಗಿದ ದಿನವೇ ಬದಲಿಸಬೇಕು. ಗುರುತಿಗಿಂತ ಮೇಲೆ ತುಂಬಿದರೆ ಇಂಜಿನ್ ಆ ಆಯಿಲನ್ನೇ ಎಳೆದುಕೊಳ್ಳುತ್ತದೆ, ಹುಷಾರು.

9 ಅಡಿ ಅಂತರದ ಅಡಿಕೆ ಸಾಲಿನಲ್ಲಿ ಸಲೀಸಾಗಿ ಹೋಗುತ್ತದೆ, ಆದರೆ ಸಾಲಿನ ತುದಿಯಲ್ಲಿ ತಿರುಗಿಸಲು ತೋಳಿನ ಬಲ ಬೇಕೇ ಬೇಕು. ಬೇರು ಮೇಲೇ ಇರುವುದರಿಂದ ಬುಡದಿಂದ ಎರಡಡಿ ದೂರವಿರಿ. ಲೈನರ್, ಕ್ರ್ಯಾಂಕ್, ಗೇರ್ ಮೂರೂ ಹೋದ ಗಾಡಿಯಾದರೆ ಬಿಡಿಭಾಗಕ್ಕೆ ಮಾತ್ರ ಕೊಳ್ಳಿ.

ರಿಪೇರಿಯಾದ ಗಾಡಿಯನ್ನು ಮೊದಲ ಸಲ ಇಳಿಜಾರಿಗೆ ಒಯ್ಯುವವರಿಗೆ ಒಂದು ಮಾತು. ಸಮತಟ್ಟಿನಲ್ಲಿ ಎಡ ಕ್ಲಚ್ (ಎಡ ಚಕ್ರವನ್ನು ಇಂಜಿನ್‌ನಿಂದ ಬಿಡಿಸುವ ಹಿಡಿ) ಒತ್ತಿದರೆ ಗಾಡಿ ಎಡಕ್ಕೆ ಹೊರಳುತ್ತದೆ. ಇಳಿಯುವಾಗ ಅದೇ ಕ್ಲಚ್ ಒತ್ತಿದರೆ ಬಲ ಚಕ್ರವನ್ನು ಇಂಜಿನ್ ಹಿಡಿದಿರುತ್ತದೆ, ಎಡ ಚಕ್ರ ಸಡಿಲವಾಗಿ ಮುಂದೋಡುತ್ತದೆ; ಗಾಡಿ ಬಲಕ್ಕೆ ಎಳೆಯುತ್ತದೆ. ಧರೆಯಂಚಿನಲ್ಲಿ ಕ್ಲಚ್ ಮುಟ್ಟದೆ, ಒಂದನೇ ಗೇರ್‌ನಲ್ಲಿ ಹ್ಯಾಂಡಲ್ ತಳ್ಳಿಯೇ ತಿರುಗಿಸಿ.